ನಾಲ್ಕು ಬೆರಳು ಹೆಚ್ಚಾದ ಹಳಿ

ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ರೈಲೇ ಓಡದ ಕುವೈತಿಗೆ ಬಂದು ಹಳಿಯ ಜೊತೆ ಜಗಳಕ್ಕೆ ಬೀಳುತ್ತೇನೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಸುಲೈಬಿಯಾದ ನಮ್ಮ ಯಾರ್ಡಿನಲ್ಲಿ ಕಾಂಕ್ರೀಟ್ ತೊಲೆಗಳನ್ನು ಎತ್ತುವ ದೊಡ್ಡ ಕ್ರೇನ್ ಎರಡು ಹಳಿಗಳ ಮೇಲೆ ಓಡಾಡುತ್ತದೆ. ಅದರ ದುರಸ್ತಿಯ ಇಂಜಿನಿಯರ್ ನಾನು. ಓಡಿಸುವವರು ಉಡುಪಿ ಕಡೆಯ, ಕೊಂಕಣಿ ಮನೆಮಾತಿನ ಹಿರಿಯರೊಬ್ಬರು.

ಏಪ್ರಿಲಿನ ಒಂದು ಮಧ್ಯಾಹ್ನ ಅವರು ಕ್ಯಾಬಿನ್ನಿನಿಂದ ಇಳಿದು ಸೀದಾ ನನ್ನ ಬಳಿ ಬಂದರು. ಅಂಗಿಯ ಮೇಲೆಲ್ಲ ಚಹಾ ಚೆಲ್ಲಿತ್ತು.

"ಮೇಡಂ, ಹಳಿಯ ನಡುವಿಗೆ ಬರುವಾಗ ಕ್ರೇನ್ ಒಮ್ಮೆ ಅಲ್ಲಾಡ್ತದೆ ಮಾರಾಯ್ರೆ. ಬಿಸಿಲಲ್ಲಿ ನಾನಿನ್ನು ಮೇಲೆ ಹತ್ತುದಿಲ್ಲ."

ಹೋಗಿ ನೋಡಿದರೆ ಒಂದು ಹಳಿ ಪಕ್ಕಕ್ಕೆ ಬಾಗಿತ್ತು. ಇನ್ನಷ್ಟು ಬಾಗಿದರೆ ಚಕ್ರ ಹಳಿ ತಪ್ಪುತ್ತದೆ, ಕ್ರೇನ್ ಅವರ ಸಮೇತ ಉರುಳುತ್ತದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಹಳಿಯನ್ನು ನಾನು ಸೇರುವ ಮೊದಲು, ಅದೇ ವರ್ಷದ ಜನವರಿಯ ಕೊರೆಯುವ ಬೆಳಗಿನಲ್ಲಿ, ಎಲ್ಲರೂ ಸ್ವೆಟರ್ ತೊಟ್ಟು ನಡುವೆ ಸಂದು ಬಿಡದೆ ಒಂದೇ ಉದ್ದಕ್ಕೆ ಬೆಸೆದು ಬಿಗಿದಿದ್ದರಂತೆ. ಇಲ್ಲಿ ಭಾರೀ ಕೆಲಸವನ್ನೆಲ್ಲ ಚಳಿಗಾಲಕ್ಕೆ ಎತ್ತಿಡುತ್ತೇವೆ, ಮೈಗೆ ಹಿತವೆಂದು. ಚಳಿಯಲ್ಲಿ ಬಿಗಿದ ಹಳಿಯಾದರೋ ಬಿಸಿಲಿಗೆ ಬೆಳೆಯಲು ಹೊರಡುತ್ತದೆ, ಜಾಗ ಸಿಗದೆ ಪಕ್ಕಕ್ಕೆ ಬಾಗುತ್ತದೆ.

ಮ್ಯಾನೇಜರ್ ನಮ್ಮ ಬೆಳಗಾವಿ ಕಡೆಯವರೇ. "ಸುತ್ತಿಗಿಲೆ ನಾಕ್ ಏಟ ಹಾಕಿ ನೆಟ್ಟಗ ಮಾಡ್ರಿ, ಖಲಾಸ್" ಎಂದರು.

"ನಾಳೆ ಮತ್ತ ಬಾಗತೈತ್ರೀ. ಹಳಿ ಕೊಯ್ಯಬೇಕು, ಅದೂ ಬಿಸಲಾಗ."

"ಸಂಜಿಮುಂದ ಮಾಡ್ರೆಲ, ತಂಪಿರತೈತಿ."

"ತಂಪಿನ್ಯಾಗ ಮಾಡಿದ್ದಕ್ಕ ಹಿಂಗಾಗೇತ್ರೀ!"

ನನ್ನ ದನಿ ಇಡೀ ಯಾರ್ಡಿಗೆ ಕೇಳಿತೇನೋ. ಅವರು ಒಪ್ಪಿಕೊಂಡರು.

ಮರುದಿನ ಬಿಸಿಲೇರಿದ ಮೇಲೆ ಕ್ರೇನನ್ನು ಒಂದು ತುದಿಗೆ ನಿಲ್ಲಿಸಿ ಗ್ಯಾಸ್ ಕಟರ್ ಹಚ್ಚಿದೆವು. ಅಬ್ಬಾ! ಕೊಯ್ದ ಸೀಳು ಕಣ್ಣೆದುರೇ ಮುಚ್ಚಿಕೊಂಡಿತು. ಒಂದು ತುದಿಯನ್ನು ಪಕ್ಕಕ್ಕೆ ಸರಿಸಿ, ಹಳಿಯನ್ನು ನೆಲಕ್ಕೆ ಹಿಡಿದಿದ್ದ ಕ್ಲಿಪ್ಪುಗಳನ್ನೆಲ್ಲ ಬಿಚ್ಚಿ, ಹಳಿಯ ಕೆಳಗೆ ಉರುಳೆಗಳನ್ನಿಟ್ಟು ಮರದ ಕೊಡತಿಯಿಂದ ತಟ್ಟುತ್ತ ಹೋದೆವು. ಅಷ್ಟು ಭಾರದ ಉಕ್ಕು ತಾನಾಗಿ ಸರಿಯತೊಡಗಿತು! ತುದಿಗಳು ಒಂದರ ಪಕ್ಕ ಒಂದು ದಾಟಿ ಮುಂದೆ ಬಂದವು. "ಬಂತು, ಬಂತು!" ಎಂದು ನಾನು ಕುಣಿದಾಡಿದೆ, ಹೆಲ್ಮೆಟ್ ಬಿದ್ದದ್ದೂ ತಿಳಿಯಲಿಲ್ಲ. ಅಳೆದರೆ ನಾಲ್ಕು ಬೆರಳು ಹೆಚ್ಚು. ಅಷ್ಟನ್ನು ಕತ್ತರಿಸಿ ತೆಗೆದು, ಬೆಸೆದು, ಹಳಿ ಬಿಸಿ ಇದ್ದಾಗಲೇ ಬಿಗಿದುಬಿಟ್ಟೆವು.

ಹಿರಿಯರು ಮಾತ್ರ ಬೆಳಗಿನ ತಂಪಿನಲ್ಲಷ್ಟೇ ಹತ್ತಿದರು, ಅದೂ ಕಪ್ಪಿನಲ್ಲಿ ಅರ್ಧವೇ ಚಹಾ ಇಟ್ಟುಕೊಂಡು. "ಜೂನಲ್ಲಿ ನೀವೂ ನನ್ನೊಟ್ಟಿಗೆ ಮೇಲೆ ಬನ್ನಿ ಮೇಡಂ, ಆಗ ನಂಬ್ತೇನೆ" ಎಂದರು.

ಎತ್ತರವೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಆದರೂ ಜೂನಿನಲ್ಲಿ, ಹಳಿ ಮುಟ್ಟಲಾಗದಷ್ಟು ಕಾದ ಹೊತ್ತಿಗೆ, ಏಣಿ ಹತ್ತಿದೆ. ಕ್ರೇನ್ ಹೊರಟಿತು. ನಡು ಹತ್ತಿರವಾದಂತೆ ಇಬ್ಬರೂ ಹೊರಗೆ ನೋಡಲೇ ಇಲ್ಲ, ಮುಂದಿದ್ದ ಚಹಾದ ಕಪ್ಪನ್ನೇ ನೋಡುತ್ತಿದ್ದೆವು. ನಡು ಬಂತು, ಹೋಯಿತು. ಚಹಾ ಮಿಸುಕಲಿಲ್ಲ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಅವರು ಕ್ರೇನ್ ನಿಲ್ಲಿಸಿ, ಫ್ಲಾಸ್ಕ್ ತೆರೆದು ಕಪ್ಪನ್ನು ಅಂಚಿನವರೆಗೆ ತುಂಬಿದರು.

"ಇನ್ನೊಮ್ಮೆ ಹೋಗುವ" ಎಂದರು.