ಹಳದಿ ಪೆಟ್ಟಿಗೆಯ ತವರುಮನೆ

ನಮ್ಮ ಮುತ್ತಜ್ಜಿ ಚನ್ನಬಸವ್ವ ಜೀವನದಲ್ಲಿ ಮೊದಲ ಸಲ ಮತ ಹಾಕಿದ್ದು ಒಬ್ಬ ಅಣ್ಣನಿಗೆ. ಆ ಅಣ್ಣ ಅವಳಿಗೆ ಸಿಕ್ಕಿದ್ದು ಚುನಾವಣೆಗೆ ಸ್ವಲ್ಪ ಮೊದಲು, ಕಳೆದುಹೋಗಿದ್ದು ಎಣಿಕೆ ಮುಗಿದ ಸಂಜೆ. ಆಮೇಲೆ ಅವನನ್ನು ಹುಡುಕಿಕೊಂಡು ಅವಳು ಅಲೆದ ಅಲೆದಾಟ ನೆನೆಸಿಕೊಂಡರೆ ನಮ್ಮ ಮನೆಯಲ್ಲಿ ಈಗಲೂ ಅರ್ಧ ಜನ ನಗುತ್ತಾರೆ, ಅರ್ಧ ಜನ ಸಿಡಿಮಿಡಿಗೊಳ್ಳುತ್ತಾರೆ. ನಾನು ಸಿಡಿಮಿಡಿಯವರ ಕಡೆ.

ಮೂವತ್ತರ ದಶಕದ ಕೊನೆಯ ಪುಣೆ ಅದು. ಚನ್ನಬಸವ್ವನ ಗಂಡ ಫಕೀರಪ್ಪ ರವಿವಾರ ಪೇಠೆಯಲ್ಲಿ ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ ಮಾರುತ್ತಿದ್ದ. ಅಂಗಡಿ ಅವನ ಹೆಸರಿನಲ್ಲಿ, ಹಿಂದಿನ ಓಣಿಯ ಮನೆ ಅವಳ ಹೆಸರಿನಲ್ಲಿ. ಮನೆಪಟ್ಟಿ, ಅಂದರೆ ಮನೆಯ ಕಂದಾಯ, ಅವಳ ಹೆಸರಿಗೇ ಬರುತ್ತಿದ್ದರಿಂದ ಮುನಸಿಪಾಲಿಟಿಯ ಮತವೂ ಅವಳದೇ. ಓಣಿಯಲ್ಲಿ ಹಾಗೆ ಮತವಿದ್ದ ಹೆಂಗಸರು ಇನ್ನೂ ಕೆಲವರಿದ್ದರು. ಇಲ್ಲದೇ ಇದ್ದದ್ದು ನಳ. ನೀರು ಬೇಕೆಂದರೆ ಎರಡು ಓಣಿ ದಾಟಿ ದೊಡ್ಡ ತೊಟ್ಟಿಗೆ ಹೋಗಬೇಕು, ಸರದಿಗೆ ನಿಲ್ಲಬೇಕು, ಜಗಳ ಕಾಯಬೇಕು, ತುಂಬಿದ ಕೊಡವನ್ನು ಅರ್ಧ ಸೀರೆಗೆ ಚೆಲ್ಲಿಕೊಂಡು ಮನೆಗೆ ಬರಬೇಕು.

ಚುನಾವಣೆ ಬಂತು. ಏಕನಾಥರಾವ್ ಎಂಬವರು ನಿಂತರು. ಆ ಕಾಲದಲ್ಲಿ ಓದು ಬಾರದವರಿಗೆ ಗೊತ್ತಾಗಲೆಂದು ಒಬ್ಬೊಬ್ಬ ಉಮೇದುವಾರರಿಗೆ ಒಂದೊಂದು ಬಣ್ಣದ ಪೆಟ್ಟಿಗೆ; ಅವರದು ಹಳದಿ. ಅವರ ಹೆಂಡತಿ ನರ್ಮದಾಬಾಯಿ ಬೆಳಗಾವಿ ಕಡೆ ಹುಟ್ಟಿದವರು, ಕನ್ನಡ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ರಾಯರು ಕನ್ನಡದವರ ಓಣಿಗೆ ಹೆಂಡತಿಯನ್ನೇ ಮುಂದೆ ಮಾಡಿಕೊಂಡು ಬಂದರು. ನರ್ಮದಾಬಾಯಿ ಮನೆಮನೆಗೆ ಹೋಗಿ ಮುತ್ತೈದೆಯರ ಹಣೆಗೆ ಅರಿಷಿಣ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಖಣ ಹಾಕಿ ಉಡಿ ತುಂಬಿದರು.

ಖಣ ಮುಟ್ಟಿದ ಕೂಡಲೇ ಚನ್ನಬಸವ್ವನಿಗೆ ಅದು ಮಗ್ಗದ್ದಲ್ಲ, ಗಿರಣಿಯ ಅಗ್ಗದ ಬಟ್ಟೆ ಎಂದು ಗೊತ್ತಾಯಿತು. ಆದರೆ ಉಡಿಯ ಖಣಕ್ಕೆ ಯಾರಾದರೂ ಬೆಲೆ ಕಟ್ಟುತ್ತಾರೆಯೇ? ಉಡಿ ತುಂಬುವುದೆಂದರೆ ತವರಿನವರು ಮಾಡುವ ಕೆಲಸ. ಅವಳ ಸ್ವಂತ ತವರಿನಲ್ಲಿ ಆಗ ಯಾರೂ ಉಳಿದಿರಲಿಲ್ಲ. ಉಡಿ ತುಂಬಿಸಿಕೊಂಡು ಎದ್ದು ನಿಂತಾಗ ಅವಳ ಕಣ್ಣು ಒದ್ದೆಯಾಗಿದ್ದನ್ನು ಬಾಗಿಲಲ್ಲಿ ನಿಂತಿದ್ದ ರಾಯರು ಕಂಡರು. ಅಂಥ ಹೊತ್ತನ್ನು ಬಿಡುವ ಮನುಷ್ಯರೇ ಅವರು? ಹರಕು ಮುರುಕು ಕನ್ನಡದಲ್ಲಿ, “ತಂಗಿ, ನಮ್ಮ ಮನಿ ನಿನ್ನ ತವರುಮನಿ ಅಂತ ತಿಳಿ. ಆರಿಸಿ ಬಂದ ಮ್ಯಾಲೆ ನಿಮ್ಮ ಓಣಿಗೆ ಮೊದಲ ನಳ,” ಎಂದರು.

ಅಷ್ಟು ಸಾಕಾಯಿತು. ಚನ್ನಬಸವ್ವ ಅಡುಗೆ ಬಿಟ್ಟು ಪ್ರಚಾರಕ್ಕೆ ಬಿದ್ದಳು. ಪಕ್ಕದ ಮನೆಯ ರುದ್ರವ್ವ ಕೆಂಪು ಪೆಟ್ಟಿಗೆಯವನಿಗೆ ಮಾತು ಕೊಟ್ಟಿದ್ದಳು. ಅವಳನ್ನು ಬೈದು, ರಮಿಸಿ, ಕೊನೆಗೆ ತಾನೇ ಕೈಹಿಡಿದು ಮತಗಟ್ಟೆಗೆ ಕರೆದೊಯ್ದು ಹಳದಿಗೆ ತಿರುಗಿಸಿದಳು. ನಳ ಬರದಿದ್ದರೆ ನನ್ನನ್ನು ಕೇಳ್ರಿ ಎಂದು ಓಣಿಗೆಲ್ಲ ಹೇಳಿದಳು. ಹೇಳಬಾರದಿತ್ತು.

ರಾಯರು ಗೆದ್ದರು. ಮೆರವಣಿಗೆ ವಾದ್ಯ ಬಾರಿಸುತ್ತ ಓಣಿಯ ಬಾಯಿಗೆ ಬಂತು. ಆರತಿ ತಟ್ಟೆ ಹಿಡಿದು ಹೆಂಗಸರು ನಿಂತಿದ್ದರು. ಮೆರವಣಿಗೆ ಓಣಿಯೊಳಗೆ ತಿರುಗಲಿಲ್ಲ, ನೆಟ್ಟಗೆ ಮುಂದಕ್ಕೆ ಹೋಯಿತು. ಗದ್ದಲದಲ್ಲಿ ಮರೆತಿರಬೇಕು ಎಂದು ಚನ್ನಬಸವ್ವನೇ ಅವರ ಪರವಾಗಿ ಸಮಜಾಯಿಷಿ ಕೊಟ್ಟಳು.

ಬೇಸಿಗೆ ಬಂತು, ನಳ ಬರಲಿಲ್ಲ. ಅವಳು ರಾಯರ ವಾಡೆಗೆ ಹೋದಳು. ಬಾಗಿಲು ಕಾಯುವ ಮಹಾಲಿಂಗ, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂದ. ಇನ್ನೊಂದು ಸಲ ಹೋದರೆ ಪೂಜೆಯಲ್ಲಿದ್ದಾರೆ. ಮತ್ತೊಂದು ಸಲ ತಳೇಗಾಂವ ದಾಭಾಡೆಗೆ ಹೋಗಿದ್ದಾರೆ, ಬರುವುದು ತಡ ಎಂದ. ಆಗ ಒಳಗಿನಿಂದ ಸಾಹೇಬರು ಗಟ್ಟಿಯಾಗಿ ಕೆಮ್ಮಿದರು. ಮಹಾಲಿಂಗ ಆಕಾಶ ನೋಡಿದ. ತಳೇಗಾಂವದ ಕೆಮ್ಮು ಇಲ್ಲಿಗೆ ಕೇಳಿಸುತ್ತದಲ್ಲ, ಭಾಳ ದೊಡ್ಡ ಮನುಷ್ಯರು ಎಂದು ಹೇಳಿ ಅವಳು ಹಿಂತಿರುಗಿದಳು.

ಒಮ್ಮೆ ಮಾರುಕಟ್ಟೆಯಲ್ಲಿ ಎದುರಿಗೇ ಸಿಕ್ಕರು. ಅಣ್ಣಾರ ಎಂದು ಕರೆದಳು. ಅವರು ನಿಂತು, ಪರಿಚಯದ ನಗೆ ನಕ್ಕು, ನೀವು ಯಾರ ಮನೆಯವರು ಎಂದು ಮರಾಠಿಯಲ್ಲಿ ಕೇಳಿದರು. ನಳದ ಮಾತೆತ್ತಿದರೆ ಕಾಗದ ಮೇಲೆ ಹೋಗಿದೆ ಎಂದರು. ಮೇಲೆ ಅಂದರೆ ಎಲ್ಲಿ ಎಂದು ಕೇಳುವಷ್ಟರಲ್ಲಿ ಟಾಂಗಾ ಹತ್ತಿದ್ದರು.

ಇತ್ತ ತೊಟ್ಟಿಯ ಹತ್ತಿರ ಅವಳ ಮಾನ ಉಳಿಯಲಿಲ್ಲ. ಸರದಿಯಲ್ಲಿ ನಿಂತ ಹೆಂಗಸರು ಕೊಡ ಕುಟ್ಟಿ, ಅಣ್ಣ ನೀರು ಕಳಿಸಿದನೇ ಎಂದು ವಿಚಾರಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಉರಿಸುತ್ತಿದ್ದವಳು ರುದ್ರವ್ವ. “ಅಕ್ಕಾ, ನಾ ನನ್ನ ಕೆಂಪು ಪೆಟಗಿಗೆ ಹಾಕಿದ್ರ ಅವನೂ ಇಷ್ಟ ಮಾಡತಿದ್ದ. ಆದ್ರ ನಿನ್ನ ಮ್ಯಾಲೆ ಸಿಟ್ಟು ಬರತಿದ್ದಿಲ್ಲ ನೋಡು,” ಎಂದಳು ಒಂದು ದಿನ. ಆ ಮಾತು ಚನ್ನಬಸವ್ವನಿಗೆ ಚುಚ್ಚಿತು. ನಳ ಹೋಗಲಿ, ಓಣಿಯಲ್ಲಿ ತನ್ನ ಮಾತಿಗೆ ಇನ್ನು ಕಿಮ್ಮತ್ತಿಲ್ಲ ಎಂಬುದು ಅವಳನ್ನು ನಿದ್ದೆಗೆಡಿಸಿತು.

ಶ್ರಾವಣ ಬಂತು. ನಾಗರಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು, ತವರಿನವರು ಬಂದು ಕರೆದೊಯ್ಯಬೇಕು. ಹಬ್ಬದ ಹಿಂದಿನ ದಿನ ಚನ್ನಬಸವ್ವ ಜೋಳದ ಅಳ್ಳು ಹುರಿದಳು, ಎಳ್ಳಿನ ಚಿಗಳಿ ಕಟ್ಟಿದಳು, ಜೋಕಾಲಿಯ ಹಗ್ಗ ಸುತ್ತಿಟ್ಟಳು, ಟ್ರಂಕು ತುಂಬಿದಳು. ಎಲ್ಲಿಗೆ ಎಂದು ಫಕೀರಪ್ಪ ಕೇಳಿದ. ತವರಿಗೆ ಎಂದಳು. ಯಾವ ತವರು ಎಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಅವ್ರು ಕರೀಲಿಕ್ಕೆ ಬಂದಿಲ್ಲಲ್ಲ,” ಎಂದ.

“ಮತ ಕೇಳಲಿಕ್ಕೆ ಬಂದಾಗ ನಾ ಕರದಿದ್ದೆನೇನು?”

ಉಡಿ ತುಂಬಿಸಿಕೊಂಡ ಹೆಂಗಸರಿಗೆಲ್ಲ ಅವಳು ಹೇಳಿಕಳಿಸಿದಳು. ನಂಬಿಕೆಯಿಂದ ಯಾರೂ ಬರಲಿಲ್ಲ, ತಮಾಷೆ ನೋಡಲೆಂದು ಎಲ್ಲರೂ ಬಂದರು. ಹಬ್ಬದ ಬೆಳಗ್ಗೆ ರಾಯರ ವಾಡೆಗೆ ಹೊರಟರು: ಮುಂದೆ ಟ್ರಂಕು ಹೊತ್ತ ಹಮಾಲ, ಹಿಂದೆ ಹೊಸ ಸೀರೆಯ ಸಾಲು, ಕಂಕುಳಲ್ಲಿ ಖಾಲಿ ಕೊಡಗಳು. ಮಹಾಲಿಂಗ ತಡೆಯಲು ಕೈ ಚಾಚಿದ. ಮನೆಮಗಳನ್ನು ತಡೆಯುವ ಹಕ್ಕು ಯಾರು ಕೊಟ್ಟರು ಎಂದು ಕೇಳಿದಳು. ಅವನ ಹತ್ತಿರ ಮೀಟಿಂಗು, ಪೂಜೆ, ತಳೇಗಾಂವ ಈ ಮೂರೇ ಉತ್ತರಗಳಿದ್ದವು, ಯಾವುದೂ ಹೊಂದಲಿಲ್ಲ.

ಗದ್ದಲ ಕೇಳಿ ನರ್ಮದಾಬಾಯಿ ಹೊರಗೆ ಬಂದರು. ಟ್ರಂಕು ನೋಡಿದರು, ಅಳ್ಳಿನ ಬುಟ್ಟಿ ನೋಡಿದರು, ಜೋಕಾಲಿಯ ಹಗ್ಗ ನೋಡಿದರು. ಪುಣೆಯಲ್ಲೇ ಹುಟ್ಟಿದವರಾಗಿದ್ದರೆ ಇದೇನೆಂದು ಕೇಳುತ್ತಿದ್ದರೋ ಏನೋ. ಬೆಳಗಾವಿಯವರಿಗೆ ಕೇಳುವ ದಾರಿಯೇ ಇರಲಿಲ್ಲ. ತಾವೇ ಕೈಯಾರೆ ತುಂಬಿದ ಉಡಿ. ಪಂಚಮಿಗೆ ಬಂದ ಹೆಣ್ಣುಮಕ್ಕಳನ್ನು ಬಾಗಿಲಿನಿಂದ ಕಳಿಸಿದರೆ ಅವರ ಮನಸ್ಸೇ ಅವರನ್ನು ಬಿಡುತ್ತಿರಲಿಲ್ಲ.

“ಬರ್ರೆವ್ವಾ,” ಎಂದರು ಮೆಲ್ಲಗೆ. “ಕಾಲು ತೊಳಕೊಂಡು ಒಳಗ ಬರ್ರಿ.”

ಕಾಲು ತೊಳೆಯಲು ಅಂಗಳಕ್ಕೆ ಹೋದರೆ ಅಲ್ಲಿ ಫಳಫಳ ಹೊಳೆಯುವ ಹಿತ್ತಾಳೆಯ ನಳ. ಅದರ ಪಕ್ಕದಲ್ಲಿ ಇನ್ನೊಂದು, ಅದು ಹೊಸದು, ತುಳಸಿಗೆ ನೀರು ಬಿಡಲಿಕ್ಕೆ. ಹೆಂಗಸರು ಎರಡನ್ನೂ ಎಣಿಸಿದರು. ಆಮೇಲೆ ರುದ್ರವ್ವ ತನ್ನ ಕೊಡವನ್ನು ತಂದು ಹೊಸ ನಳದ ಕೆಳಗಿಟ್ಟಳು.

ಮಧ್ಯಾಹ್ನ ರಾಯರು ಮುನಸಿಪಾಲಿಟಿಯ ನಾಲ್ಕು ಮಂದಿ ದೊಡ್ಡವರನ್ನು ಫರಾಳಕ್ಕೆ, ಅಂದರೆ ಹಬ್ಬದ ತಿಂಡಿಗೆ, ಕರೆದುಕೊಂಡು ಬಂದರು. ದಿವಾನಖಾನೆಯ ತೊಲೆಗೆ ಜೋಕಾಲಿ ಕಟ್ಟಿತ್ತು. ಅದರ ಮೇಲೆ ರುದ್ರವ್ವ ನಿಂತು ಜೀಕುತ್ತಿದ್ದಳು. ರಾಯರ ಟೋಪಿಗೆ ಅವಳ ಪಾದ ತಾಗಲು ಗೇಣೇ ಉಳಿದಿತ್ತು. ಅವರು ಹಿಂದಕ್ಕೆ ಸರಿದು, ಇದೇನು ಎಂದು ಹೆಂಡತಿಯನ್ನು ಕೇಳಿದರು. ಉತ್ತರ ಕೊಟ್ಟವಳು ಚನ್ನಬಸವ್ವ, ಅತಿಥಿಗಳಿಗೂ ತಿಳಿಯಲೆಂದು ಅಂಗಡಿಯ ಮರಾಠಿಯಲ್ಲಿ. ಅಣ್ಣ ತವರುಮನೆ ಎಂದು ಕರೆದ, ನಾವು ಹಬ್ಬಕ್ಕೆ ಬಂದಿದ್ದೇವೆ, ಇಷ್ಟೇ ಎಂದಳು. ಅತಿಥಿಗಳಲ್ಲಿ ಒಬ್ಬರು ಮೀಸೆಯ ಮರೆಯಲ್ಲಿ ನಕ್ಕರು. ರಾಯರು ತಟ್ಟನೆ ನಗುಮುಖ ಮಾಡಿ, ನಳ ಬಂದೇ ಬರುತ್ತದೆ, ಇದು ನನ್ನ ಮಾತು, ನೀವಿನ್ನು ಹೊರಡಿ ಎಂದರು.

ಅಣ್ಣನ ಹೆಂಡತಿ ಅತ್ತಿಗೆಯಲ್ಲವೇ, ಚನ್ನಬಸವ್ವ ನರ್ಮದಾಬಾಯಿಯ ಕಡೆ ತಿರುಗಿದಳು. “ವೈನೀ, ಅಣ್ಣಾರು ಕೊಟ್ಟ ಮಾತು ನಮ್ಮ ಮನ್ಯಾಗ ಒಂದು ಅದ, ಇನ್ನೂ ಹಳೇದಾಗಿಲ್ಲ. ನಾವು ನೀರು ಒಯ್ಯತೀವಿ.”

ನರ್ಮದಾಬಾಯಿ ಗಂಡನ ಮುಖ ನೋಡಲಿಲ್ಲ. “ಒಯ್ರಿ. ತವರಿಂದ ಬರಿಗೈಲೆ ಹೋಗಬಾರದು. ನಾಳೆನೂ ಬರ್ರಿ,” ಎಂದರು.

ಬಂದರು. ಮರುದಿನ ಬಂದರು, ಅದರ ಮರುದಿನವೂ ಬಂದರು. ಉಡಿ ತುಂಬಿಸಿಕೊಳ್ಳದವರೂ ನಾದಿನಿ, ಓರಗಿತ್ತಿ ಎಂದು ಸಂಬಂಧ ಹೇಳಿಕೊಂಡು ಬಂದರು. ಬೆಳಗ್ಗೆ ಅಂಗಳದ ತುಂಬ ಕೊಡಗಳ ಸದ್ದು. ಸಾಹೇಬರ ಸ್ನಾನದ ಹಂಡೆ ತುಂಬದೆ ಅವರು ಧೋತರ ಸುತ್ತಿಕೊಂಡು ಸರದಿ ಕಾಯತೊಡಗಿದ ಮೇಲೆ, ಮೇಲೆ ಹೋಗಿದ್ದ ಕಾಗದ ಕೆಳಗೆ ಇಳಿಯಿತು. ದೀಪಾವಳಿಯ ಹೊತ್ತಿಗೆ ಓಣಿಯಲ್ಲಿ ನಳ ನೆಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ನಗುವವರ ಕಡೆ ಸೇರುತ್ತಿದ್ದೆ. ರಾಯರು ಹಾರ ಹಾಕಿಸಿಕೊಂಡು ನಳ ತಿರುಗಿಸಲು ಬಂದರು. ಕೊಟ್ಟ ಮಾತು ಮರೆಯದಿರುವುದು ತಮ್ಮ ಹುಟ್ಟುಗುಣ ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ನಳದಲ್ಲಿ ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ಏನೂ ಇಲ್ಲ. ನಸುಕಿನಲ್ಲಿ ಸ್ವಲ್ಪ ಹೊತ್ತು ಮಾತ್ರ ನೀರು ಬಿಡುತ್ತಾರೆಂದು ಯಾರೂ ಹೇಳಿರಲಿಲ್ಲ. ಆದರೂ ರುದ್ರವ್ವ ಮೊದಲ ಕೊಡ ತುಂಬಿದ ದಿನ ಅದನ್ನು ತಂದು ಚನ್ನಬಸವ್ವನ ಹೊಸ್ತಿಲಲ್ಲಿಟ್ಟು ಹೋದಳು.

ಮುಂದಿನ ಚುನಾವಣೆಗೆ ನೀಲಿ ಪೆಟ್ಟಿಗೆಯವರು ಬಂದರು. ಅವರ ಕಡೆಯ ಹೆಂಗಸೊಬ್ಬಳು ತಟ್ಟೆಯಲ್ಲಿ ಖಣ, ಕಾಯಿ ಇಟ್ಟುಕೊಂಡು ಮುಂದೆ ಬಂದಳು. ಚನ್ನಬಸವ್ವ ಕೂತಲ್ಲಿಂದ ಏಳಲಿಲ್ಲ, ಸೆರಗನ್ನೂ ಚಾಚಲಿಲ್ಲ.

“ಉಡಿ ಆಮ್ಯಾಲೆ ತುಂಬ್ರಿ,” ಎಂದಳು. “ನಿಮ್ಮ ಮನ್ಯಾಗ ನಳ ಎಷ್ಟವ, ಅದನ್ನ ಮೊದಲ ಹೇಳ್ರಿ. ಮತ್ತ ತೊಲಿ ಗಟ್ಟಿ ಅದ ಏನ್ರಿ, ಜೋಕಾಲಿ ಕಟ್ಟಲಿಕ್ಕೆ?”