ವರದಾಳ ಪಿಕಾಸಿಗೆ ಹೋದ ರಫೂ

ಇಳಕಲ್ಲಿನ ನಮ್ಮ ಓಣಿಯಲ್ಲಿ ಜೋಹರಾಳ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಬೊಟ್ಟು ಮಾಡಿ ತೋರಿಸುವುದಿಲ್ಲ, ಬಾಗಿಲ ತನಕ ಬಂದೇ ಬಿಟ್ಟುಹೋಗುತ್ತಾರೆ. ಬಿಡಲು ಬಂದವರೂ ಒಂದು ಕಪ್ ಚಹಾ ಕುಡಿದೇ ಹೋಗುತ್ತಾರೆ. ಬಂದವರನ್ನೆಲ್ಲ ಒಳಗೆ ಕರೆದು ಕೂರಿಸುವುದು ಅವಳ ಗುಣವೋ ಅವಗುಣವೋ ನನಗೆ ಇಷ್ಟು ವರ್ಷ ತಿಳಿದಿರಲಿಲ್ಲ. ವರದಾ ಬಂದ ಮೇಲೆ ತಿಳಿಯಿತು. ಅವಗುಣವೇ.

ಜೋಹರಾ ರಫೂ ಮಾಡುವವಳು. ಹರಿದ ಬಟ್ಟೆಯನ್ನು ಹರಿದದ್ದೇ ಕಾಣದ ಹಾಗೆ ಎಳೆ ಎಳೆ ಕೂಡಿಸುವ ಕೆಲಸ. ಮದುವೆ ಸೀರೆಗೆ ಊದಿನಕಡ್ಡಿ ತಾಗಿ ತೂತು ಬಿದ್ದರೆ, ಮೊಳೆಗೆ ಸಿಕ್ಕು ಸೆರಗು ಹರಿದರೆ, ಗುಡೂರಿನಿಂದಲೂ ಕೂಡಲಸಂಗಮದಿಂದಲೂ ಹುಡುಕಿಕೊಂಡು ಬರುತ್ತಾರೆ. ಅವಳ ಗಂಡ ಮುರ್ತುಜಸಾಬರದು ಹುನಗುಂದದಲ್ಲಿ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ. ಸಂಜೆಯ ಬಸ್ಸಿಗೆ ಬರುವಾಗ ವಕೀಲರ ಕರೀ ಕೋಟುಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಜೋಹರಾ ಹೊರಗಿನ ದಾರ ಮುಟ್ಟುವುದಿಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಚ್ಚಿ, ಅದರಿಂದಲೇ ತೂತು ಮುಚ್ಚುತ್ತಾಳೆ. ಮುಗಿದ ಮೇಲೆ ಕಿಟಕಿಗೆ ಹಿಡಿದು ತೋರಿಸುತ್ತಾಳೆ, ಗುರುತು ಸಿಗುವುದಿಲ್ಲ.

ಇದರ ಬಗ್ಗೆ ಅವಳಿಗೆ ವಿನಯ ಗಿನಯ ಏನೂ ಇಲ್ಲ. "ಜೋಹರಾಬಿ ಕೈಯಾಗ ಕೆಟ್ಟದ್ದು ಅಂತ ಒಂದು ಮಾರಿ ಒರಸೂ ದಸ್ತಿ ತೋರಸ್ರಿ ನೋಡೋಣು" ಎಂದು ಗಿರಾಕಿಗಳ ಮುಂದೆಯೇ ಎದೆ ತಟ್ಟಿಕೊಳ್ಳುತ್ತಾಳೆ. ಹೊರಡುವಾಗ ಎಲ್ಲರಿಗೂ ಒಂದೇ ಮಾತು: "ಎಳಿ ಎದ್ದಕೂಡ್ಲೆ ತಂದುಬಿಡ್ರಿ. ಪೂರಾ ಹರಿಯೂ ತನಾ ಕಾಯಬ್ಯಾಡ್ರಿ." ಮಾತಾಡುವಾಗ ಅವಳ ಕಣ್ಣು ನಮ್ಮ ಮುಖದ ಮೇಲಿರುವುದಿಲ್ಲ, ಮೈಮೇಲಿನ ಬಟ್ಟೆಯ ಮೇಲಿರುತ್ತದೆ. ನನ್ನ ಸೆರಗಿನಲ್ಲಿ ಎದ್ದ ಎಳೆ ಕಂಡರೆ ಮಾತಿನ ನಡುವೆಯೇ ಕೈ ಚಾಚಿ ಸರಿಮಾಡುತ್ತಾಳೆ. ಅದು ನನಗೆ ಭಾಳ ಸೇರುತ್ತಿತ್ತು. ನನ್ನೊಬ್ಬಳಿಗೇ ಹಾಗೆ ಮಾಡುತ್ತಾಳೆ ಎಂದು ತಿಳಿದಿದ್ದೆ.

ನಾವಿಬ್ಬರೂ ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತವರು. ಅವಳು ಹತ್ತನೆಯ ತರಗತಿಗೆ ಬಿಟ್ಟು ಸೂಜಿ ಹಿಡಿದಳು, ನಾನು ಓದಿ ಅದೇ ಶಾಲೆಯಲ್ಲಿ ಕುಮುದಿನಿ ಟೀಚರ್ ಆದೆ. ಮನೆಗಳು ಎದುರುಬದುರು. ಶಾಲೆ ಬಿಟ್ಟು ಬಂದು, ರಾತ್ರಿಯ ಅಡುಗೆಗೆ ಏಳುವ ತನಕ ನನ್ನ ಸಂಜೆ ಎಂದರೆ ಜೋಹರಾಳ ಪಡಸಾಲೆ. ನನ್ನ ಗಂಡ ಕೇದಾರರಿಗೂ ಇದು ಗೊತ್ತು. ಅವರು ನನಗಾಗಿ ಕಾಯುವುದನ್ನು ಯಾವಾಗಲೋ ಬಿಟ್ಟಿದ್ದಾರೆ.

ಎರಡು ವರ್ಷದ ಹಿಂದೆ ಜೋಹರಾ ಬಚ್ಚಲಲ್ಲಿ ಜಾರಿ ಬಿದ್ದು ಪಾದದ ಎಲುಬು ಮುರಿದುಕೊಂಡಳು. ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನರ್ಸ್ ಆಗಿರುವ ಮಗಳು ಆಫ್ರೀನ, ತಾಯಿ ಎದ್ದು ಓಡಾಡಬಾರದು ಎಂದು ಫೋನಿನಲ್ಲಿ ಒಂದು ಆಟ ಹಾಕಿಕೊಟ್ಟು ಹೋದಳು. ಆ ಆಟದ ಲೋಕದಲ್ಲಿ ಎಲ್ಲವೂ ಚೌಕ. ಕಲ್ಲು ಚೌಕ, ಮರ ಚೌಕ, ದನ ಚೌಕ, ಸೂರ್ಯನೂ ಚೌಕ. ನೆಲ ಅಗೆಯಬೇಕು, ಆಳದಲ್ಲಿ ಹರಿಯುವ ಬೆಂಕಿಯ ಹೊಳೆಯ ದಂಡೆಯಲ್ಲಿ ವಜ್ರ ಹುಡುಕಬೇಕು, ಮನೆ ಕಟ್ಟಬೇಕು, ಕತ್ತಲಾದರೆ ಬರುವ ದೆವ್ವಗಳಿಂದ ಪಾರಾಗಬೇಕು. "ಐವತ್ತರ ಮುದುಕಿಗೆ ಇದೇನ ಹುಡುಗಾಟ?" ಎಂದು ಬೈದವಳು ನಾನೇ. ಮುಂದಿನ ವಾರ ನನ್ನ ಫೋನಿನಲ್ಲೂ ಅದೇ ಆಟ. ಅವಳ ಕಾಲು ಕೂಡಿದ ಮೇಲೂ ನಾವು ಬಿಡಲಿಲ್ಲ. ಅವಳ ಲೋಕದೊಳಗೆ ನಾನೂ ಸೇರಿ ಕಲ್ಲು ಅಗೆಯುತ್ತಿದ್ದೆ, ಮಂಚದ ಮೇಲೆ ಇಬ್ಬರೂ ಮಗ್ಗುಲಲ್ಲೇ ಕುಳಿತಿರುತ್ತಿದ್ದೆವು.

ಅಲ್ಲಿ ಸಾಮಾನು ಸವೆಯುತ್ತವೆ. ವಜ್ರದಿಂದ ಮಾಡಿಕೊಂಡ ಪಿಕಾಸಿಯ ಕೆಳಗೂ ಒಂದು ಹಸಿರು ಗೀಟು ಇರುತ್ತದೆ. ಅಗೆದಷ್ಟೂ ಗೀಟು ಗಿಡ್ಡವಾಗುತ್ತದೆ, ತೀರಿದಾಗ ಪಿಕಾಸಿ ಟಪ್ಪನೆ ಮುರಿದು ಮಾಯವಾಗುತ್ತದೆ. ಬಾಳಿಕೆ ಹೆಚ್ಚಿಸಲು ಎರಡು ಮಂತ್ರಗಳಿವೆ. ಒಂದನ್ನು ಹಾಕಿದರೆ ಸವೆಯುವುದು ನಿಧಾನ. ಅದಕ್ಕೆ ನಾವು ಗಟ್ಟಿ ಎಂದು ಹೆಸರಿಟ್ಟೆವು. ಇನ್ನೊಂದನ್ನು ಹಾಕಿದರೆ, ಅಗೆಯುವಾಗ ಉದುರುವ ಹಸಿರು ಮಣಿಗಳು ಮೈಗೆ ಸೇರಿದಂತೆಲ್ಲ ಸವೆದದ್ದು ತಾನೇ ತುಂಬಿಕೊಳ್ಳುತ್ತದೆ. ಅದು ರಫೂ. ಬೇರೆ ಹೆಸರು ಇಡಲು ಜೋಹರಾ ಬಿಡುತ್ತಿರಲೂ ಇಲ್ಲ. ಗಟ್ಟಿ ಸುಲಭಕ್ಕೆ ಸಿಕ್ಕಿತು. ರಫೂ ಸಿಗಲಿಲ್ಲ. ಕೆರೆಗೆ ಗಾಳ ಹಾಕಿ ಕುಳಿತರೆ ಮೀನಿನ ಬದಲು ಎಂದಾದರೂ ಮಂತ್ರದ ಪುಸ್ತಕ ಬರುತ್ತದೆ, ಅದರಲ್ಲಿ ರಫೂ ಇರಬೇಕು. ನಮಗೆ ಬರೇ ಮೀನು, ಹರಕು ಬೂಟು.

"ಒಂದ ಒಂದು ಸಿಕ್ಕರ ಯಾತಕ್ಕ ಹಚ್ಚೋಣು?" ಎಂದು ಒಂದು ಸಂಜೆ ನಾನು ಕೇಳಿದೆ.

"ಬೂಟಿಗೆ ಬ್ಯಾಡ, ಟೊಪಗಿಗೆ ಬ್ಯಾಡ. ಅವು ಹ್ವಾದ್ರ ಹೋಗ್ಲಿ, ಇನ್ನೊಂದು ಮಾಡಿಕೊಂಡ್ರಾತು. ಪಿಕಾಸಿಗೆ ಹಚ್ಚೂಣು. ಅದೂ ನಿನ್ನ ಪಿಕಾಸಿಗೆ."

"ಮತ್ತ ನಿಂದು?"

"ನಂದು ಹೆಂಗರ ನಡೀತೈತಿ. ಬೆಂಕಿ ಹೊಳಿ ದಂಡಿಗೆ ಹೋಗಿ ವಜ್ರ ತಂದಾಕಿ ನೀ ಅಲ್ಲಾ?"

ಆ ರಾತ್ರಿ ನಾನು ಹಾಡು ಗುನುಗುತ್ತ ರೊಟ್ಟಿ ಬಡಿದೆ. ರಫೂ ಸಿಗುವ ತನಕ ಗಟ್ಟಿಯೊಂದೇ ಗತಿ, ಜೊತೆಗೆ ಕಮ್ಮಾರರ ಅಡಿಗಲ್ಲು. ಅಡಿಗಲ್ಲಿನ ಮೇಲೆ ಪಿಕಾಸಿಯನ್ನೂ ಒಂದು ವಜ್ರವನ್ನೂ ಇಟ್ಟು, ಕೂಲಿಗೆಂದು ಒಂದಿಷ್ಟು ಹಸಿರು ಮಣಿ ಕೊಟ್ಟರೆ ಗೀಟು ತುಂಬುತ್ತದೆ. ಮಂತ್ರದ ಪುಸ್ತಕ ಹಚ್ಚುವುದೂ ಅದೇ ಕಲ್ಲಿನ ಮೇಲೆ. ನಾನು ಅಡುಗೆಗೆ ಎದ್ದುಹೋಗುವಾಗ ನನ್ನ ಪಿಕಾಸಿಯನ್ನು ಇಬ್ಬರ ಪೆಟ್ಟಿಗೆಯಲ್ಲಿ ಹಾಕಿ ಹೋಗುತ್ತಿದ್ದೆ. ಮರುದಿನ ತೆಗೆದರೆ ಗೀಟು ತುಂಬಿರುತ್ತಿತ್ತು, ಜೋಹರಾ ಮಾಡಿಟ್ಟಿರುತ್ತಿದ್ದಳು.

ಹೀಗಿರುವಾಗ ವರದಾ ಬಂದಳು. ಬಾದಾಮಿಯ ಹುಡುಗಿ, ನಮ್ಮ ಶಾಲೆಗೆ ಹೊಸ ಗಣಿತದ ಟೀಚರ್. ಅವಳಿಗೆ ನಮ್ಮ ಓಣಿಯಲ್ಲಿ ಖೋಲಿ ಹುಡುಕಿಕೊಟ್ಟವಳು ನಾನು. ದುಪ್ಪಟ್ಟಾ ಹರಿದಿದೆ ಎಂದಾಗ ಜೋಹರಾಳ ಮನೆಗೆ ಕೈಹಿಡಿದು ಕರೆದುಕೊಂಡು ಹೋದವಳೂ ನಾನೇ. ನನ್ನ ಕಾಲಿಗೆ ಅಂದೇ ಮುಳ್ಳಾದರೂ ಚುಚ್ಚಬಾರದಾಗಿತ್ತೇ!

"ಅಯ್ಯ, ನೀವೂ ಈ ಆಟಾ ಆಡ್ತೀರ್ಯಾ?" ಎಂದು ಮಂಚದ ಮೇಲೆ ಕುಳಿತವಳು ಮತ್ತೆ ಏಳಲೇ ಇಲ್ಲ. ಮೊದಲ ದಿನ ಜೋಹರಾ ಆಂಟಿ, ವಾರ ಕಳೆಯುವುದರೊಳಗೆ ಅಕ್ಕ ಎಂಬ ಸಲಿಗೆಯಲ್ಲಿ ಜೋಹರಾ ಆಪಾ. ನನಗೆ ಮಾತ್ರ ಟೀಚರ್, ಟೀಚರ್. ಜೋಹರಾ ಚುರುಮುರಿಯ ಸೂಸಲಾ ಮಾಡಿದಾಗ ಹುರಿದ ಶೇಂಗಾ ಆರಿಸಿ ನನ್ನ ತಾಟಿಗೆ ಹಾಕುತ್ತಿದ್ದಳು. ಈಗ ಅರ್ಧ ವರದಾಳ ತಾಟಿಗೆ. ಅದನ್ನೂ ನುಂಗಿಕೊಂಡೆ. ಆದರೆ ಒಂದು ದಿನ ಜೋಹರಾ ಮಾತಿನ ನಡುವೆ ಕೈ ಚಾಚಿ ವರದಾಳ ತೋಳಿನ ಮೇಲೆ ಎದ್ದ ಎಳೆಯನ್ನು ಸರಿಮಾಡಿದಳು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇಲ್ಲ ಎಂದರೆ ಸುಳ್ಳಾದೀತು.

ಅದೇ ವಾರ ನೋಡುತ್ತೇನೆ, ಆಟದಲ್ಲಿ ಜೋಹರಾಳ ಕೈಯಲ್ಲಿ ಕಬ್ಬಿಣದ ಪಿಕಾಸಿ.

"ನಿನ್ನ ವಜ್ರದ್ದು ಎಲ್ಲಿ?"

"ಮುರೀತು."

"ಹೆಂಗ ಮುರೀತು? ದಿನಾ ಅಡಿಗಲ್ಲಿಗೆ ಇಡ್ತಿದ್ದಿ ಅಲ್ಲಾ?"

"ಮುರೀತವ್ವಾ. ಅದಕ್ಕೇನ ಕೋರ್ಟಿಗೆ ಹೋಗ್ಲ್ಯಾ?" ಎಂದು ನಕ್ಕಳು. ಪೆಟ್ಟಿಗೆಯಲ್ಲಿ ಒಂದು ವಜ್ರವೂ ಉಳಿದಿರಲಿಲ್ಲ. ವರದಾಳ ಕೈಯಲ್ಲಿ ಮಾತ್ರ ಹೊಚ್ಚಹೊಸ ವಜ್ರದ ಪಿಕಾಸಿ. ನಾನೇನು ಕುರುಡಿಯೇ? ನಾನು ಬೆಂಕಿ ಹೊಳೆಯಿಂದ ತಂದ ವಜ್ರ ಯಾರ ಕೈಗೆ ಹೋಯಿತು ಎಂದು ತಿಳಿಯಲು ಗಣಿತ ಓದಬೇಕಾಗಿರಲಿಲ್ಲ.

ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದು ಹೇಳಿ ಹೋಗುವುದನ್ನೇ ಬಿಟ್ಟೆ. ಜೋಹರಾ ಫೋನ್ ಮಾಡಿದರೂ ಅದೇ ಮಾತು. ಆದರೆ ಸಂಜೆಯಾದರೆ ನಮ್ಮ ಕಿಟಕಿಯಲ್ಲಿ ನಿಂತು ಅವಳ ಬಾಗಿಲು ನೋಡುತ್ತಿದ್ದೆ. ವರದಾಳ ಚಪ್ಪಲಿ ಅಲ್ಲೇ ಇರುತ್ತಿತ್ತು, ನಾನು ಬಿಡುತ್ತಿದ್ದ ಜಾಗದಲ್ಲಿ. ಕೇದಾರರು ಪೇಪರ್ ಓದುತ್ತ, "ಸವತಿ ಬಂದಂಗ ಮಾರಿ ಮಾಡೀಯಲ್ಲ ಮಾರಾಯ್ತಿ" ಎಂದರು. ಅಂದು ಅವರಿಗೆ ಎರಡನೆಯ ಸಲ ಚಹಾ ಸಿಗಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು ತಡೆಯಲಾರದೆ ಅಡುಗೆಮನೆಯಲ್ಲಿ ಕುಳಿತೇ ಫೋನಿನಲ್ಲಿ ಆಟ ತೆರೆದೆ. ಯಾರ ಕಣ್ಣಿಗೂ ಬೀಳದೆ ನೋಡಿ ಬರೋಣ ಎಂದು ನೆಟ್ಟಗೆ ಪೆಟ್ಟಿಗೆಯ ಹತ್ತಿರ ಹೋದೆ. ನನ್ನ ಪಿಕಾಸಿ ಇತ್ತು. ಅದರ ಮಗ್ಗುಲಲ್ಲೇ ವರದಾಳ ಪಿಕಾಸಿ, ಹೆಸರು ಬೇರೆ ಬರೆದಿದ್ದಳು. ಅದರ ಮೇಲೆ ಬೆರಳಿಟ್ಟೆ. ಮೊದಲ ಸಾಲು ಗಟ್ಟಿ. ಎರಡನೆಯ ಸಾಲು ರಫೂ.

ಗ್ಯಾಸ್ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಹಿಟ್ಟಿನ ಕೈಯಲ್ಲೇ ಓಣಿ ದಾಟಿದೆ. ಪಡಸಾಲೆಯಲ್ಲಿ ಇಬ್ಬರೂ ಒಂದೇ ಫೋನಿಗೆ ತಲೆ ಹಚ್ಚಿ ಕುಳಿತಿದ್ದರು.

"ಯಾರಿಗೆ ಕೊಡ್ತೀನಿ ಅಂದಿದ್ದಿ, ಯಾರಿಗೆ ಕೊಟ್ಟಿ?" ಎಂದು ಬಾಗಿಲಲ್ಲೇ ಕೂಗಿದೆ. "ರಫೂ ಸಿಕ್ಕದ್ದು ನನಗ ಹೇಳಲಿಲ್ಲ. ಹೇಳೋದು ಇರಲಿ, ಮೊನ್ನೆ ಬಂದಾಕಿಗೆ ತೊಡಿಸಿ ಕೂಡಿಸೀದಿ! ನಾ ಏನ ಸತ್ತಿದ್ದೆನ?"

ಜೋಹರಾ ನನ್ನ ಸೆರಗಿನ ಕಡೆಯೂ ನೋಡಲಿಲ್ಲ. ತಲೆ ಕೆಳಗೆ ಹಾಕಿದಳು. ವರದಾ ಎದ್ದು ನಿಂತು, "ಟೀಚರ್, ಮೊದಲ ನಿಮ್ಮ ಪಿಕಾಸಿಗೇ ಹಚ್ಚಾಕ ಹೋಗಿದ್ವಿರಿ..." ಎಂದಳು.

"ಸುಮ್ನಿರು ವರದಾ," ಎಂದಳು ಜೋಹರಾ.

"ಯಾಕ ಸುಮ್ಮನಿರಬೇಕು? ಹೇಳಲಿ ಆಕಿ!"

ಜೋಹರಾ ಫೋನ್ ತೆಗೆದು ನನ್ನ ಪಿಕಾಸಿಯನ್ನು ಅಡಿಗಲ್ಲಿನ ಮೇಲಿಟ್ಟಳು, ಹೊಸದಾಗಿ ಸಿಕ್ಕ ಒಂದು ವಜ್ರವನ್ನು ಪಕ್ಕದಲ್ಲಿಟ್ಟಳು. ಕೆಂಪು ಅಕ್ಷರ ಮೂಡಿತು. ಫೋನನ್ನು ನನ್ನ ಕಡೆ ತಿರುಗಿಸಿ, "ಓದು," ಎಂದಳು. ತೀರಾ ದುಬಾರಿ ಎಂದಿತ್ತು.

"ಎಷ್ಟು ಮಣಿ ಕೇಳತದ?"

"ಎಷ್ಟು ಕೊಟ್ರೂ ಒಲ್ಲೆ ಅಂತೈತಿ. ರಫೂ ಪುಸ್ತಕ ಇಟ್ಟಾಗೂ ಇದನ್ನ ಅಂತು."

ವರದಾ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ವಿವರಿಸಿದಳು. ಅಡಿಗಲ್ಲು ಪ್ರತಿ ಸಲದ ರಿಪೇರಿಗೂ ಮುಂದಿನದರ ಬೆಲೆ ಏರಿಸುತ್ತ ಹೋಗುತ್ತದಂತೆ. ಕಡೆಗೆ ಆ ಸಾಮಾನನ್ನು ಮುಟ್ಟುವುದೇ ಇಲ್ಲ ಎನ್ನುತ್ತದಂತೆ. ಅದಕ್ಕೇ ತಿಳಿದವರು ಗೀಟು ತೀರುವ ತನಕ ಕಾದು, ಒಂದೇ ಸಲಕ್ಕೆ ರಿಪೇರಿ ಮಾಡುತ್ತಾರಂತೆ. "ಆಪಾ ಗೀಟು ಚೂರು ಕಡಿಮಿ ಆದಾಗೊಮ್ಮೆ ಇಟ್ಟಾರ್ರಿ," ಎಂದಳು.

"ಎಳಿ ಎದ್ದಕೂಡ್ಲೆ ಕೂಡಸ್ಬೇಕು ಅಂತ ಕೂಡಿಸಿದೆ," ಎಂದಳು ಜೋಹರಾ. ದನಿ ಸಣ್ಣದಾಗಿತ್ತು. "ಬಟ್ಟಿಗೆ ಅದ ಸರಿ. ಈ ಹಾಳ ಕಲ್ಲಿನ ಬುದ್ಧಿ ನನಗೇನ ಗೊತ್ತು? ಇದ್ದ ವಜ್ರಾನೆಲ್ಲ ನಿಂದಕ್ಕ ಹಾಕಿದೆ. ನಂದಕ್ಕ ಉಳೀಲಿಲ್ಲ, ಮುರೀತು."

"ಮತ್ತ ಈಕಿ ವಜ್ರದ್ದು?"

"ಅದು ನಾನ ಅಗದು ತಂದಿದ್ರಿ ಟೀಚರ್," ಎಂದಳು ವರದಾ.

ಫೋನಿನ ಮೇಲಿನ ಕೆಂಪು ಅಕ್ಷರವನ್ನು ಮತ್ತೊಮ್ಮೆ ಓದಿದೆ. ಆಮೇಲೆ ಹೇಳಿದೆ, "ನನಗ ಒಂದು ಮಾತು ಹೇಳಬಾರದಾಗಿತ್ತೇನ?"

"ಏನಂತ ಹೇಳ್ಲಿ? ಜೋಹರಾಬಿ ತನ್ನ ಗೆಳತಿ ಸಾಮಾನ ರಿಪೇರಿ ಮಾಡಿ ಮಾಡಿ ಕೆಡಿಸಿದ್ಲು ಅಂತ ಹೇಳ್ಲ್ಯಾ?" ಅವಳ ಕಣ್ಣಲ್ಲಿ ನೀರು ಬಂದಿತ್ತು. ಬಂದದ್ದಕ್ಕೆ ಅವಳಿಗೆ ಸಿಟ್ಟೂ ಬಂದಿತ್ತು. "ಪುಸ್ತಕ ಸಿಕ್ಕ ದಿನ ಫೋನ್ ಮಾಡ್ದೆ. ಪೇಪರ್ ತಿದ್ದಾಕತ್ತೀನಿ ಅಂದಿ. ಮರುದಿನ ಮಾಡ್ದೆ, ಅದನ್ನ ಅಂದಿ. ನಿಂದಕ್ಕಂತೂ ಹತ್ತಲಿಲ್ಲ, ದಿನಾ ಬರಾಕಿಗೆ ಕೊಟ್ಟೆ. ತಪ್ಪಾತೇನ?"

ನನ್ನ ಪಿಕಾಸಿಗೇ ಮೊದಲು ಹಚ್ಚಲು ಹೋಗಿದ್ದಳು ಎಂದು ಒಳಗೊಳಗೆ ಎಂಥ ಸಂತೋಷವಾಯಿತು ಎಂದರೆ, ನನಗೇ ನಾಚಿಕೆಯಾಯಿತು. ಆದರೂ ಹೊಟ್ಟೆಯ ಉರಿ ಆರಲಿಲ್ಲ. ದಿನಾ ಬರಾಕಿ! ಆ ಮಾತು ಎಲ್ಲಕ್ಕಿಂತ ಜೋರಾಗಿ ತಾಗಿತು, ಯಾಕೆಂದರೆ ಅಲ್ಲಿಯ ತನಕ ದಿನಾ ಬರುತ್ತಿದ್ದವಳು ನಾನು.

"ಒಂದು ದಾರಿ ಅದರಿ," ಎಂದಳು ವರದಾ ಮೆಲ್ಲಗೆ. "ಸಾಣೆಕಲ್ಲಿಗೆ ಹಿಡದ್ರ ಅಡಿಗಲ್ಲಿನ ಹಳೇ ಲೆಕ್ಕ ಪೂರಾ ಅಳಿಸಿ ಹೋಗ್ತದ. ಆದ್ರ ಗಟ್ಟಿನೂ ಹೋಗ್ತದ್ರಿ, ಬರೇ ಪಿಕಾಸಿ ಉಳೀತದ. ಮುಂದ ಪುಸ್ತಕ ಸಿಕ್ಕರ ರಫೂ ಹಚ್ಚಬಹುದು."

"ನಾ ಒಲ್ಲೆ," ಎಂದು ಜೋಹರಾ ಕೈ ಹಿಂದೆಳೆದಳು. "ಇನ್ನೊಮ್ಮೆ ಕೆಡಿಸಿದೆ ಅನ್ನಿಸ್ಕೊಳ್ಳಾಕ ನನಗ ಆಗೂದಿಲ್ಲ. ನಿಂದು, ನೀ ಏನರ ಮಾಡು."

ಅವಳ ಕೈಯಿಂದ ಫೋನ್ ತೆಗೆದುಕೊಂಡು ನಾನೇ ಸಾಣೆಕಲ್ಲಿಗೆ ಹಿಡಿದೆ. ಪಿಕಾಸಿಯ ಮೇಲಿನ ಹೊಳಪು ಹೋಯಿತು. ಮೊದಲ ದಿನ ಮಾಡಿದಾಗ ಹೇಗಿತ್ತೋ ಹಾಗೇ ಬೋಳಾಗಿ ಕುಳಿತಿತ್ತು.

ಜೋಹರಾ ಕಣ್ಣೊರೆಸಿಕೊಂಡಳು. "ಇನ್ನ ಮತ್ತ ಗಾಳ ಹಾಕ್ಕೊಂತ ಕುಂದರಬೇಕು. ಯಾವಾಗ ಸಿಗತೈತೋ ಏನೋ."

"ನಾನೂ ಹಾಕ್ತೀನ್ರಿ," ಎಂದು ವರದಾ ತನ್ನ ಫೋನ್ ತೆಗೆದಳು. "ಮೂರು ಗಾಳ ಇದ್ರ ಲಗೂನ ಸಿಗ್ತದ."

"ಅದೂ ಖರೆ," ಎಂದು ಜೋಹರಾ ಸರಿದು ಅವಳಿಗೆ ಜಾಗ ಮಾಡಿದಳು.

ನಾನು ಹೋಗಿ ಆ ಜಾಗದಲ್ಲಿ, ಇಬ್ಬರ ನಡುವೆ, ಹಿಟ್ಟಿನ ಕೈಯಲ್ಲೇ ಕುಳಿತೆ.

"ಲಗೂನ ಸಿಗೋದು ಯಾರಿಗೆ ಬೇಕಾಗೇದ?" ಎಂದೆ.