ವಿಟಮಿನ್ ಎಂದು ಕೊಟ್ಟ ಮಾತ್ರೆ

ಮದ್ರಾಸಿನ ವಡಪಳನಿಯಲ್ಲಿ ನಾನು ಕೆಲಸ ಮಾಡುವ ಬ್ಯೂಟಿ ಪಾರ್ಲರಿಗೆ ಬರುವವರಲ್ಲಿ ಹೆಚ್ಚಿನವರು ಸೀರಿಯಲ್ಲುಗಳಲ್ಲಿ ಗುಂಪಿನಲ್ಲಿ ನಿಲ್ಲುವ ಹುಡುಗಿಯರು. ಮುಖದಲ್ಲಿ ಮೊಡವೆ ಎದ್ದರೆ ಅವತ್ತಿನ ಕೆಲಸ ಹೋಯಿತೆಂದೇ ಲೆಕ್ಕ. ಅವರಿಗಾಗಿ ಓನರಮ್ಮ ಡ್ರಾಯರಿನಲ್ಲಿ ಒಂದು ಮಾತ್ರೆ ಇಟ್ಟಿರುತ್ತಿದ್ದರು. ಡಾಕ್ಟರ ಚೀಟಿಯಿಲ್ಲದೆ ಕೊಡಬಾರದ ಮಾತ್ರೆ ಅದು. ನಾವು ಸ್ಟ್ರಿಪ್ಪನ್ನು ಕತ್ತರಿಸಿ ಬೇಕಾದಷ್ಟು ಕೊಡುತ್ತಿದ್ದೆವು, ಪೆಟ್ಟಿಗೆ ಡ್ರಾಯರಿನಲ್ಲೇ ಉಳಿಯುತ್ತಿತ್ತು. ಏನಿದು ಎಂದು ಕೇಳಿದವರಿಗೆ ವಿಟಮಿನ್ ಎನ್ನುತ್ತಿದ್ದೆವು.

ನಾನು ಓದಿದ್ದು ಐದನೇ ಕ್ಲಾಸು. ಆದರೆ ಆ ಪೆಟ್ಟಿಗೆಯ ಮೇಲಿದ್ದದ್ದನ್ನು ತಿಳಿಯಲು ಓದು ಬೇಕಿರಲಿಲ್ಲ. ಬಸುರಿ ಹೆಂಗಸಿನ ಚಿತ್ರ, ಅದರ ಮೇಲೆ ಅಡ್ಡಗೆರೆ.

ತಂಗಿಯ ಮದುವೆ ಗೊತ್ತಾದಾಗ ಅವಳ ಕೆನ್ನೆ ತುಂಬ ಮೊಡವೆ. ಮದುವೆಯಾಗದವಳಿಗೆ ಆ ಚಿತ್ರದಿಂದ ಏನು ಎಂದುಕೊಂಡು, ಅವಳಿಗೂ ವಿಟಮಿನ್ ಎಂದೇ ಹೇಳಿ ಊರಿಗೆ ಮಾತ್ರೆ ಕಳಿಸಿದೆ. ಕೆನ್ನೆ ತಿಳಿಯಾಯಿತು. ಮದುವೆಯಾಗಿ ಅವಳು ಮದ್ರಾಸಿಗೆ ಬಂದ ಮೇಲೆ, ಇನ್ನೊಂದಿಷ್ಟು ಕೊಡು ಅಕ್ಕ ಎಂದಳು. ಚಿತ್ರ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಇಷ್ಟು ಬೇಗ ಏನಾಗುತ್ತದೆ ಎಂದು ಕತ್ತರಿಸಿ ಕೊಟ್ಟೆ.

ಮಗು ಹುಟ್ಟಿದಾಗ ಕಿವಿಗಳು ಸರಿಯಾಗಿ ಬೆಳೆದಿರಲಿಲ್ಲ. ವರ್ಷವಾದರೂ ಕತ್ತು ನಿಲ್ಲಲಿಲ್ಲ. ತಂಗಿಯ ಗಂಡನಿಗೆ ರೈಲು ಓಡಿಸುವ ಕೆಲಸ, ಬೇಕೆಂದಾಗ ರಜೆ ಸಿಗದು. ತಂಗಿಗೆ ತಮಿಳು ಬರುತ್ತಿರಲಿಲ್ಲ. ಹೀಗಾಗಿ ಆಸ್ಪತ್ರೆಗೆ ಅವಳ ಜೊತೆ ಹೋಗುವವಳು ನಾನೇ, ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳುವವಳೂ ನಾನೇ.

ಸ್ಕ್ಯಾನ್ ನೋಡಿದ ಡಾಕ್ಟರು ಮಗುವಿನ ಕಿರುಮೆದುಳು ಸರಿಯಾಗಿ ಮೂಡಿಲ್ಲ ಎಂದರು. ತಾಳ್ಮೆಯ ಮನುಷ್ಯ, ಚಿತ್ರ ಬರೆದು ವಿವರಿಸಿದರು. ತಾಯಿಗೆ ಗರ್ಭ ನಿಂತದ್ದು ಗೊತ್ತಾಗುವ ಹೊತ್ತಿಗೆ ಮೆದುಳೆಂದರೆ ಬರೀ ಒಂದು ಸಣ್ಣ ಕೊಳವೆ. ಅದರ ಯಾವ ಭಾಗ ಏನಾಗಬೇಕೆಂದು ಹೇಳುವುದು ಅಲ್ಲಲ್ಲೇ ಹುಟ್ಟಿ ಹರಡುವ ಕೆಲವು ರಸಗಳು. ಕೊಳವೆಯ ಕೆಳಗಿನಿಂದ ಒಂದು, ಮೇಲಿನಿಂದ ಇನ್ನೊಂದು. ಕತ್ತಿನ ಕಡೆಯಿಂದ ಬರುವುದು ಎ ವಿಟಮಿನ್ನಿಂದ ಆದದ್ದು. ಅದು ಕತ್ತಿನ ಬಳಿ ಹೆಚ್ಚು, ಹಣೆಯ ಕಡೆ ಹೋದಂತೆ ಕಡಿಮೆ. ತನ್ನ ಸುತ್ತ ಅದೆಷ್ಟಿದೆ ಎನ್ನುವುದರಿಂದ ಒಂದೊಂದು ಜೀವಕೋಶಕ್ಕೂ ತನ್ನ ಜಾಗ ತಿಳಿಯುತ್ತದೆ.

ನನಗೆ ಚೆನ್ನಾಗಿಯೇ ಅರ್ಥವಾಯಿತು. ನಮ್ಮ ಬೀದಿಯಲ್ಲಿ ಕಣ್ಣು ಮುಚ್ಚಿ ನಡೆದರೂ ಮಲ್ಲಿಗೆಯ ವಾಸನೆಯ ಮೇಲೆ ಗುಡಿ ಎಷ್ಟು ಹತ್ತಿರವಿದೆ ಎಂದು ಹೇಳಬಲ್ಲೆ. ಬೀದಿಯುದ್ದಕ್ಕೂ ಯಾರಾದರೂ ಲಾರಿಗಟ್ಟಲೆ ಮಲ್ಲಿಗೆ ಸುರಿದುಬಿಟ್ಟರೆ ಎಲ್ಲಿದ್ದೇನೆಂದೇ ತಿಳಿಯದು.

ಆಮೇಲೆ ಡಾಕ್ಟರು, ಇಂಥ ಕಿವಿ ಇದ್ದಾಗ ಕೇಳಲೇಬೇಕು ಎನ್ನುತ್ತ, ಬಸುರಿನ ಮೊದಲ ವಾರಗಳಲ್ಲಿ ಮೊಡವೆಗೆ ಮಾತ್ರೆ ನುಂಗಿದ್ದರಾ ಎಂದು ಕೇಳಿದರು. ಅದೂ ಇದೇ ವಿಟಮಿನ್ನಿನ ಜಾತಿಯದಂತೆ. ಮಾತ್ರೆ ಎಂಬ ಮಾತು ತಂಗಿಗೂ ತಿಳಿಯಿತು. ನನ್ನ ಮುಖ ನೋಡಿದಳು.

"ಜ್ವರ ಗಿರ ಬಂದು ಮಾತ್ರೆ ತಗೊಂಡಿದ್ದೆಯಾ ಅಂತ ಕೇಳ್ತಿದಾರೆ" ಎಂದೆ.

ಇಲ್ಲವಲ್ಲ ಎಂದಳು. ನಾನು ಡಾಕ್ಟರಿಗೆ ಇಲ್ಲ ಎಂದೆ. ಅವರು ಬರೆದುಕೊಂಡರು.

ಅಂದಿನಿಂದ ನನಗೆ ಆ ಸುಳ್ಳಿನಿಂದ ಹೊರಗೆ ಬರುವ ದಾರಿಯೇ ಇಲ್ಲದಾಯಿತು. ಹಾಗಾದರೆ ಇದು ರಕ್ತದಲ್ಲೇ ಬಂದಿರಬಹುದು ಎಂದರು ಡಾಕ್ಟರು. ಅದನ್ನು ಮಾತ್ರ ನಾನು ಒಂದಕ್ಷರ ಬಿಡದೆ ಕನ್ನಡದಲ್ಲಿ ಹೇಳಿದೆ. ತಂಗಿಯ ಅತ್ತೆ ಅದನ್ನು ಹಿಡಿದುಕೊಂಡರು. ನಿಮ್ಮ ಮನೆಯಲ್ಲಿ ಸೋದರಮಾವನಿಗೆ ಹೆಣ್ಣು ಕೊಡುತ್ತಾ ಬಂದು ರಕ್ತ ಕೆಡಿಸಿಕೊಂಡಿದ್ದೀರಿ, ನಮ್ಮ ತಲೆಗೆ ಕಟ್ಟಿದಿರಿ ಎಂದು ನನ್ನೆದುರೇ ಅನ್ನುತ್ತಿದ್ದರು. ತಂಗಿ ಮಗುವಿನ ಬೆನ್ನಿಗೆ ದಿಂಬು ಒತ್ತಿಡುವಳು. ಕಾಫಿ ತಂದು ಕೈಗಿಟ್ಟು, ಅಕ್ಕ ನೀನಿಲ್ಲದಿದ್ದರೆ ಈ ಊರಲ್ಲಿ ನನಗೆ ಯಾರು ಎನ್ನುವಳು. ನಾನು ಕುಡಿದು ಬರುತ್ತಿದ್ದೆ.

ಮಗುವಿಗೆ ನಾಲ್ಕು ತುಂಬಿದ ಮೇಲೆ ಒಂದು ದಿನ ಫೋನ್ ಮಾಡಿದಳು. ಇನ್ನು ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳುತ್ತೇನೆ, ಜೊತೆಗೆ ಬಾ ಎಂದಳು. ಬೇಡವೆಂದು ಸುತ್ತುಬಳಸಿ ಹೇಳಿ ನೋಡಿದೆ. ಕಾರಣ ಹೇಳಲಾಗದವಳ ಮಾತು ಎಲ್ಲಿಗೆ ತಲುಪುತ್ತದೆ?

ಆಸ್ಪತ್ರೆಯ ಲೇಡಿ ಡಾಕ್ಟರು, ಇಷ್ಟು ಚಿಕ್ಕ ವಯಸ್ಸಿಗೆ ಯಾಕೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ತಂಗಿ ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ನನ್ನ ರಕ್ತಾನೇ ಸರಿ ಇಲ್ಲ ಅಂತ ಹೇಳು" ಎಂದಳು.

ಅದನ್ನು ತಮಿಳಿನಲ್ಲಿ ಹೇಳಬೇಕಿತ್ತು. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು ತಂಗಿಯ ಕಡೆ ತಿರುಗಿ, ಆಗ ವಿಟಮಿನ್ ಎಂದು ಕೊಟ್ಟದ್ದು ಮೊಡವೆಯ ಮಾತ್ರೆ, ಬಸುರಿಯಾಗುವವರು ನುಂಗಬಾರದ್ದು, ನನಗೆ ಗೊತ್ತಿತ್ತು, ನಿನ್ನ ರಕ್ತಕ್ಕೆ ಏನೂ ಆಗಿರಲಿಕ್ಕಿಲ್ಲ ಎಂದೆ.

ಬೈಯುತ್ತಾಳೆಂದು ಕಾದೆ.

"ಅವತ್ತು ಆ ಡಾಕ್ಟ್ರು ಇದನ್ನೇ ಕೇಳಿದ್ದಾ?"

ಹೌದು ಎಂದೆ.

ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಏನು ಹೇಳಿದಿರಿ ಎಂದು ಡಾಕ್ಟರು ನನ್ನನ್ನು ಕೇಳಿದರು. ಅದೇ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದೆ.

ಆಪರೇಷನ್ ಆಗಲಿಲ್ಲ. ಅವಳ ಗಂಡ ಒಮ್ಮೊಮ್ಮೆ ಫೋನ್ ಮಾಡುತ್ತಾನೆ. ಮಗುವಿಗೆ ಕೂರುವುದು ಕಲಿಸುವ ಕಡೆಗೆ ಅವಳೊಬ್ಬಳೇ ಹೋಗುತ್ತಾಳಂತೆ. ಅರ್ಧಂಬರ್ಧ ತಮಿಳಿನಲ್ಲಿ ಎಲ್ಲರನ್ನೂ ಪ್ರಶ್ನೆ ಕೇಳುತ್ತಾಳಂತೆ, ಒಂದು ಮಾತು ತಿಳಿಯದಿದ್ದರೂ ಮತ್ತೆ ಹೇಳಿಸುತ್ತಾಳಂತೆ. ಜೊತೆಗೆ ನಾನು ಬರಲೇ ಎಂದು ಕೇಳಿ ನೋಡು ಎಂದೆ. ಕೇಳಿದ್ದಾನೆ. ಬೇಡ ಎಂದಿದ್ದಾಳೆ.